ಊರು ಬದಲಾಯಿಸುವಾಗ ಚುರುಕು ಮಗುವಿಗೆ ಯಾವ ಶಾಲೆ? ಒಂದು ಹೋಲಿಕೆ

ಮನೆ ಬದಲಾಯಿಸುವ ಕೆಲಸ ಹೇಗೋ ಮುಗಿಯುತ್ತದೆ. ಶಾಲೆ ಹುಡುಕುವ ಕೆಲಸ ಅಷ್ಟು ಸುಲಭಕ್ಕೆ ಮುಗಿಯುವುದಿಲ್ಲ. ಅದರಲ್ಲೂ ಮಗು ತನ್ನ ವಯಸ್ಸಿನವರಿಗಿಂತ ಎರಡು ಮೂರು ವರ್ಷ ಮುಂದಿನದನ್ನು ಓದುತ್ತಿದ್ದರೆ, ಹಿಡಿದ ಪ್ರಶ್ನೆಗೆ ಉತ್ತರ ಸಿಗುವ ತನಕ ಬಿಡದಿದ್ದರೆ, ಇದ್ದ ಊರಿನಲ್ಲೇ ಸರಿಯಾದ ಶಾಲೆ ಸಿಕ್ಕಿರುವುದು ಅಪರೂಪ. ಹೊಸ ಊರಿನಲ್ಲಿ ಕೇಳೋಣ ಅಂದರೆ ಪರಿಚಯದವರೂ ಇರುವುದಿಲ್ಲ. ಕೈಯಲ್ಲಿರುವುದು ಕೆಲವೇ ವಾರ. ವೆಬ್‌ಸೈಟ್ ತೆರೆದರೆ ಎಲ್ಲ ಶಾಲೆಯದ್ದೂ ಒಂದೇ ಥರ: ನಗುವ ಮಕ್ಕಳು, ದೊಡ್ಡ ಲೈಬ್ರರಿ, ‘ನಮಗೆ ಪ್ರತಿ ಮಗುವೂ ವಿಶೇಷ’ ಎಂಬ ಸಾಲು.

ಇಲ್ಲಿ ಶಾಲೆಗಳ ಬಗೆಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಶಾಲೆಯ ಹೆಸರು, ರ‍್ಯಾಂಕು, ಕಟ್ಟಡ ಇವೆಲ್ಲ ಆಮೇಲಿನ ಮಾತು. ಒಂದು ಮಗುವಿಗಾಗಿ ಆ ಶಾಲೆ ತನ್ನ ಟೈಮ್‌ಟೇಬಲ್ಲನ್ನು ಸ್ವಲ್ಪ ಬಗ್ಗಿಸುತ್ತದಾ? ಪಾಠ ಮೊದಲೇ ಗೊತ್ತಿರುವ ಮಗುವಿಗೆ ಆ ತರಗತಿಯಲ್ಲಿ ಏನು ಕೆಲಸ ಕೊಡುತ್ತಾರೆ? ಈ ಎರಡಕ್ಕೆ ಉತ್ತರ ಸಿಕ್ಕರೆ ಅರ್ಧ ನಿರ್ಧಾರ ಆದ ಹಾಗೆ.

ಮೊದಲು ಮಗುವಿನ ಲೆಕ್ಕ

ಗಿಫ್ಟೆಡ್, ಅಂದರೆ ಓರಗೆಯವರಿಗಿಂತ ಬಹಳ ಚುರುಕು ಅಂತ ಕರೆಯುವ ಮಕ್ಕಳಲ್ಲೇ ತುಂಬಾ ವ್ಯತ್ಯಾಸವಿದೆ. ಬುದ್ಧಿಶಕ್ತಿ ಅಳೆಯುವ ಐಕ್ಯೂ ಪರೀಕ್ಷೆಗಳಲ್ಲಿ ಸರಾಸರಿ 100. 130 ದಾಟುವವರು ನೂರಕ್ಕೆ ಸುಮಾರು ಇಬ್ಬರು. 145 ದಾಟುವವರು ಸಾವಿರಕ್ಕೆ ಒಬ್ಬರ ಆಸುಪಾಸು. ಇದನ್ನು ಶಾಲೆಯ ಲೆಕ್ಕಕ್ಕೆ ತಂದು ನೋಡಿ. ಸಾವಿರ ಮಕ್ಕಳಿರುವ ಶಾಲೆಯಲ್ಲಿ ಮೊದಲ ಗುಂಪಿನವರು ಇಪ್ಪತ್ತು ಮಂದಿ ಸಿಗಬಹುದು, ಅಂದರೆ ಒಂದೊಂದು ತರಗತಿಗೆ ಒಬ್ಬಿಬ್ಬರು. ಎರಡನೇ ಗುಂಪಿನ ಮಗುವಿಗೆ ಇಡೀ ಶಾಲೆಯಲ್ಲಿ ತನ್ನಂಥ ಇನ್ನೊಬ್ಬರು ಸಿಗದೇ ಹೋಗಬಹುದು. ಮೊದಲನೆಯ ಮಗುವಿಗೆ ಒಳ್ಳೆಯ ಟೀಚರ್ ಇರುವ ಸಾಮಾನ್ಯ ಶಾಲೆಯೇ ಸಾಕಾದೀತು. ಎರಡನೆಯದಕ್ಕೆ ಸಾಕಾಗುವುದು ಕಷ್ಟ.

ಹಾಗಂತ ಆ ಒಂದು ಅಂಕಿಯನ್ನೇ ನಂಬಿ ಕೂರಬೇಡಿ. 1921ರಲ್ಲಿ ಲೂಯಿಸ್ ಟರ್ಮನ್ ಎಂಬ ಮನಶ್ಶಾಸ್ತ್ರಜ್ಞರು ಕ್ಯಾಲಿಫೋರ್ನಿಯಾದಲ್ಲಿ ಸಾವಿರಕ್ಕೂ ಜಾಸ್ತಿ ಬುದ್ಧಿವಂತ ಮಕ್ಕಳನ್ನು ಪರೀಕ್ಷೆ ಮಾಡಿ ಆರಿಸಿ, ದಶಕಗಳ ಕಾಲ ಅವರ ಬದುಕನ್ನು ಗಮನಿಸುವ ಅಧ್ಯಯನ ಶುರು ಮಾಡಿದರು. ಆ ಪರೀಕ್ಷೆಯಲ್ಲಿ ಆಯ್ಕೆಯಾಗದೆ ಹೊರಗುಳಿದ ಮಕ್ಕಳಲ್ಲಿ ವಿಲಿಯಂ ಶಾಕ್ಲಿ, ಲೂಯಿಸ್ ಆಲ್ವರೆಜ್ ಇಬ್ಬರೂ ಇದ್ದರು. ಮುಂದೆ ಒಬ್ಬರಿಗೆ 1956ರಲ್ಲಿ, ಇನ್ನೊಬ್ಬರಿಗೆ 1968ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು.

ಮಗುವಿಗೆ ಈಗಾಗಲೇ ಪರೀಕ್ಷೆ ಮಾಡಿಸಿದ್ದರೆ ಒಟ್ಟು ಅಂಕ ಬಿಟ್ಟು ಒಳಗಿನ ವಿಭಾಗಗಳನ್ನು ನೋಡಿ. ಭಾಷೆಯಲ್ಲಿ ಬಹಳ ಮೇಲೆ, ಬರೆಯುವ ವೇಗದಲ್ಲಿ ಸಾಧಾರಣ, ಹೀಗೆ ಏರುಪೇರು ಇರುವ ಮಕ್ಕಳೇ ಜಾಸ್ತಿ. ಕೆಲವರಿಗೆ ಜಾಣತನದ ಜೊತೆಗೆ ಡಿಸ್ಲೆಕ್ಸಿಯಾ (ಓದು ಬರಹದ ತೊಡಕು) ಅಥವಾ ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಕೂಡ ಇರುತ್ತದೆ. ಅಂಥ ಮಗುವಿನ ಬುದ್ಧಿ ಅದರ ಕಷ್ಟವನ್ನು ಮುಚ್ಚುತ್ತದೆ, ಕಷ್ಟ ಬುದ್ಧಿಯನ್ನು ಮುಚ್ಚುತ್ತದೆ. ಹೊರಗಿನಿಂದ ನೋಡುವವರಿಗೆ ಸುಮಾರಾಗಿ ಓದುವ ಮಗುವಿನ ಹಾಗೆ ಕಾಣುತ್ತದೆ. ನಿಮ್ಮ ಮಗು ಹೀಗಿದ್ದರೆ, ಎರಡಕ್ಕೂ ಸಹಾಯ ಮಾಡುವ ಶಾಲೆ ಬೇಕು. ಒಂದಕ್ಕೆ ಮಾತ್ರ ಕೈ ಹಾಕುವ ಕಡೆ ಮಗು ಬಳಲುತ್ತದೆ.

ಇನ್ನೊಂದು ವಿಷಯ. ಶಾಲೆ ತಾನೇ ಪರೀಕ್ಷೆ ಕೊಡುತ್ತೇನೆ ಅಂದರೆ, ಅದು ಯಾವ ತರಗತಿ ಮಟ್ಟದ್ದು ಅಂತ ಕೇಳಿ. ನಾಲ್ಕನೇ ಕ್ಲಾಸಿನ ಪೇಪರ್‌ನಲ್ಲಿ ನೂರಕ್ಕೆ ನೂರು ಬಂದರೆ ಮಗುವಿಗೆ ನಾಲ್ಕನೇ ಕ್ಲಾಸಿನದು ಗೊತ್ತು ಅಂತ ಮಾತ್ರ ತಿಳಿಯುತ್ತದೆ. ಆರನೆಯದು ಗೊತ್ತಾ, ಎಂಟನೆಯದು ಗೊತ್ತಾ ಅನ್ನುವುದು ತಿಳಿಯುವುದಿಲ್ಲ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜೂಲಿಯನ್ ಸ್ಟ್ಯಾನ್ಲಿ 1970ರ ದಶಕದ ಶುರುವಿನಲ್ಲಿ ಇದಕ್ಕೊಂದು ದಾರಿ ಹುಡುಕಿದರು. ಕಾಲೇಜು ಸೇರುವವರು ಬರೆಯುವ ಎಸ್‌ಎಟಿ ಪರೀಕ್ಷೆಯನ್ನು 12–13ರ ಮಕ್ಕಳಿಗೆ ಕೊಟ್ಟರು. ತಮ್ಮ ತರಗತಿಯ ಪರೀಕ್ಷೆಯಲ್ಲಿ ಎಲ್ಲರೂ ಮೇಲೇ ಇದ್ದ ಆ ಮಕ್ಕಳಲ್ಲಿ ಯಾರು ಎಷ್ಟು ಮುಂದಿದ್ದಾರೆ ಎಂಬುದು ಆಗ ಬಿಡಿಸಿ ಕಂಡಿತು. ಹೊಸ ಶಾಲೆಯಲ್ಲೂ ನೀವು ಕೇಳಬಹುದಾದ್ದು ಇಷ್ಟೇ: ಮುಂದಿನ ಎರಡು ತರಗತಿಗಳ ವರ್ಷಾಂತ್ಯದ ಪೇಪರ್ ಕೊಟ್ಟು ನೋಡಿ. ಖರ್ಚಿಲ್ಲ, ಒಂದು ಬೆಳಗಿನ ಕೆಲಸ.

ಹತ್ತಿರದ ಸಾಮಾನ್ಯ ಶಾಲೆ, ಜೊತೆಗೆ ಡಬಲ್ ಪ್ರಮೋಷನ್

ಹೆಚ್ಚಿನವರು ಇದನ್ನು ಕೊನೆಯ ಆಯ್ಕೆ ಅಂದುಕೊಳ್ಳುತ್ತಾರೆ. ನಾನು ಮೊದಲು ನೋಡುವುದೇ ಇದನ್ನು. ಯಾಕೆಂದರೆ ಇದು ಎಲ್ಲ ಕಡೆ ಸಿಗುತ್ತದೆ. ಮತ್ತೆ ಊರು ಬಿಡಬೇಕಾಗಿ ಬಂದರೂ ಮುಂದಿನ ಊರಿನಲ್ಲೂ ಸಿಗುತ್ತದೆ.

ಇಲ್ಲಿ ಮಗುವಿಗೆ ದಾರಿ ಎರಡು. ಒಂದು, ಇಡೀ ತರಗತಿಯನ್ನೇ ಹಾರಿಸುವುದು. ಎರಡು, ಗಣಿತಕ್ಕೋ ಓದಿಗೋ ಮಾತ್ರ ಮೇಲಿನ ತರಗತಿಗೆ ಕಳಿಸಿ, ಉಳಿದ ಪೀರಿಯಡ್‌ಗಳಿಗೆ ತನ್ನ ವಯಸ್ಸಿನವರ ಜೊತೆ ಕೂರಿಸುವುದು. ಎರಡನೆಯದು ಹೇಗೆ ನಡೆಯುತ್ತದೆ ಅನ್ನುವುದಕ್ಕೆ ಗಣಿತಜ್ಞ ಟೆರೆನ್ಸ್ ಟಾವೊ ಒಳ್ಳೆಯ ಉದಾಹರಣೆ. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಪ್ರೈಮರಿ ಶಾಲೆಯಲ್ಲಿದ್ದಾಗಲೇ ಅವರು ಗಣಿತಕ್ಕೆ ಹೈಸ್ಕೂಲಿಗೆ ಹೋಗುತ್ತಿದ್ದರು. ಒಂಬತ್ತರ ಹೊತ್ತಿಗೆ ವಿಶ್ವವಿದ್ಯಾಲಯ ಮಟ್ಟದ ಗಣಿತ ಕಲಿಯುತ್ತಿದ್ದರು. ಆದರೆ ಬೇರೆ ಬೇರೆ ವಿಷಯಗಳಲ್ಲಿ ಬೇರೆ ಬೇರೆ ಹಂತದಲ್ಲೇ ಇದ್ದರು. ಅವರ ತಂದೆ ತಾಯಿ ಒಂದೇ ಸಲ ಕಾಲೇಜಿಗೆ ನೂಕಲಿಲ್ಲ. ಪೂರ್ಣಾವಧಿ ವಿದ್ಯಾರ್ಥಿಯಾಗಿ ವಿಶ್ವವಿದ್ಯಾಲಯ ಸೇರಿದ್ದು ಹದಿಹರೆಯಕ್ಕೆ ಬಂದ ಮೇಲೆ. 2006ರಲ್ಲಿ ಅವರಿಗೆ ಗಣಿತದ ಅತಿ ದೊಡ್ಡ ಗೌರವಗಳಲ್ಲಿ ಒಂದಾದ ಫೀಲ್ಡ್ಸ್ ಪದಕ ಸಿಕ್ಕಿತು. ಎಲ್ಲ ಮಕ್ಕಳೂ ಟಾವೊ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಇಲ್ಲಿ ನೋಡಬೇಕಾದ್ದು ಆ ಏರ್ಪಾಡನ್ನು: ಮಗು ಯಾವುದರಲ್ಲಿ ಮುಂದಿದೆಯೋ ಅದರಲ್ಲಿ ಮಾತ್ರ ಮುಂದೆ.

ಇಡೀ ತರಗತಿ ಹಾರಿಸೋಣ ಅಂದರೆ ಅಜ್ಜಿಯಿಂದ ಹಿಡಿದು ಹೆಡ್‌ಮಾಸ್ಟರ್ ತನಕ ಎಲ್ಲರದ್ದೂ ಒಂದೇ ಮಾತು: ‘ದೊಡ್ಡ ಮಕ್ಕಳ ಜೊತೆ ಹೊಂದಿಕೊಳ್ಳುತ್ತಾ?’ ಭಯ ಸಹಜ. ಆದರೆ ಅಧ್ಯಯನಗಳು ಆ ಭಯವನ್ನು ಬೆಂಬಲಿಸುವುದಿಲ್ಲ. 2004ರಲ್ಲಿ ಅಯೋವಾ ವಿಶ್ವವಿದ್ಯಾಲಯದಿಂದ ಬಂದ ವರದಿಯೊಂದು ಅದುವರೆಗಿನ ಐವತ್ತು ವರ್ಷಗಳ ಸಂಶೋಧನೆಯನ್ನು ಒಟ್ಟು ಮಾಡಿತು. ತಯಾರಿರುವ ಮಗುವನ್ನು ಮುಂದಕ್ಕೆ ಕಳಿಸುವುದು ಓದಿಗೂ ಒಳ್ಳೆಯದು, ಸ್ನೇಹಕ್ಕೂ ಸಾಮಾನ್ಯವಾಗಿ ತೊಂದರೆ ಇಲ್ಲ ಎಂಬುದು ಅದರ ಒಟ್ಟು ಮಾತು. ಆಸ್ಟ್ರೇಲಿಯಾದ ಮಿರಾಕಾ ಗ್ರಾಸ್ ಐಕ್ಯೂ 160ಕ್ಕಿಂತ ಮೇಲಿದ್ದ 60 ಮಕ್ಕಳನ್ನು ಎರಡು ದಶಕ ಗಮನಿಸಿದರು. ಹಲವು ತರಗತಿ ಮುಂದೆ ಹೋದವರು ಓದಿನಲ್ಲೂ ಗೆಳೆತನದಲ್ಲೂ ಚೆನ್ನಾಗಿದ್ದರು. ವಯಸ್ಸಿನವರ ಜೊತೆಗೇ ಉಳಿಸಿಕೊಂಡ ಮಕ್ಕಳಲ್ಲೇ ಒಂಟಿತನ, ಓದಿನ ಬಗ್ಗೆ ಬೇಸರ ಜಾಸ್ತಿ ಕಂಡಿತು.

ಹಾರಿಸಬಾರದ ಸಂದರ್ಭಗಳೂ ಇವೆ. ಇದನ್ನು ತೂಗಿ ನೋಡಲು ‘ಅಯೋವಾ ಆಕ್ಸಿಲರೇಷನ್ ಸ್ಕೇಲ್’ ಎಂಬ ಸಾಧನವಿದೆ. ಅದರ ಪ್ರಕಾರ ಅಣ್ಣನೋ ಅಕ್ಕನೋ ಓದುತ್ತಿರುವ ತರಗತಿಗೇ ತಮ್ಮ ತಂಗಿಯನ್ನು ಸೇರಿಸಬಾರದು. ಮಗುವಿಗೇ ಇಷ್ಟವಿಲ್ಲದಿದ್ದರೆ ಒತ್ತಾಯಿಸಬಾರದು. ಇವೆರಡೂ ಸಣ್ಣ ಮಾತಲ್ಲ. ಮೇಲಿನ ಕ್ಲಾಸಿಗೆ ಬಂದು ಕೂತ ತಂಗಿ ಅಣ್ಣನಿಗಿಂತ ಜಾಸ್ತಿ ಮಾರ್ಕ್ಸ್ ತೆಗೆದರೆ ಆ ಮನೆಯ ಸಂಜೆಗಳು ಹೇಗಿರುತ್ತವೆ ಅಂತ ಯೋಚಿಸಿ.

ಊರು ಬದಲಾಯಿಸುವ ಹೊತ್ತು ಡಬಲ್ ಪ್ರಮೋಷನ್‌ಗೆ ಒಳ್ಳೆಯ ಹೊತ್ತು ಅನ್ನುವುದು ನನ್ನ ಅನಿಸಿಕೆ. ಇದ್ದ ಶಾಲೆಯಲ್ಲೇ ಹಾರಿಸಿದರೆ ಹಳೆಯ ಗೆಳೆಯರು ಪಕ್ಕದ ರೂಮಿನಲ್ಲೇ ಇರುತ್ತಾರೆ, ‘ನೀನ್ಯಾಕೆ ಅಲ್ಲಿ’ ಅಂತ ದಿನಾ ಕೇಳುತ್ತಾರೆ. ಹೊಸ ಶಾಲೆಯಲ್ಲಿ ಹೇಗಿದ್ದರೂ ಎಲ್ಲರೂ ಹೊಸಬರೇ. ಆದರೆ ಒಂದು ಎಚ್ಚರ. ಕೆಲವು ಕಡೆ ಬೋರ್ಡ್ ಪರೀಕ್ಷೆಗೆ, ಕಾಲೇಜು ಪ್ರವೇಶಕ್ಕೆ ಕನಿಷ್ಠ ವಯಸ್ಸು ಇರುತ್ತದೆ. ಇವತ್ತು ಉಳಿಸಿದ ಒಂದು ವರ್ಷವನ್ನು ಅಲ್ಲಿ ಸುಮ್ನೆ ಕಾದು ಕಳೆಯಬೇಕಾಗಬಹುದು. ಹಾರಿಸುವ ಮೊದಲೇ ಆ ನಿಯಮವನ್ನು ವಿಚಾರಿಸಿ.

ವಾರಕ್ಕೊಮ್ಮೆಯ ವಿಶೇಷ ತರಗತಿ

ಕೆಲವು ಶಾಲೆಗಳಲ್ಲಿ ಆಯ್ದ ಮಕ್ಕಳನ್ನು ವಾರಕ್ಕೆ ಕೆಲವು ಗಂಟೆ ಬೇರೆ ಕೋಣೆಗೆ ಕರೆದೊಯ್ದು ಒಗಟು, ಪ್ರಾಜೆಕ್ಟು, ರೋಬೋಟು ಮಾಡಿಸುತ್ತಾರೆ. ಮಕ್ಕಳಿಗೆ ಅದು ಖುಷಿ. ತನ್ನಂಥವರು ನಾಲ್ಕು ಜನ ಸಿಗುತ್ತಾರೆ, ಅದೇ ದೊಡ್ಡ ಲಾಭ. ಆದರೆ ಬಾಕಿ ದಿನಗಳ ಗತಿ ಏನು? ಮಗು ವಾರಪೂರ್ತಿ ಚುರುಕೇ ಅಲ್ವಾ. ಈ ಬಗೆಯ ಶಾಲೆ ನೋಡುತ್ತಿದ್ದರೆ ಒಂದು ಪ್ರಶ್ನೆ ಕೇಳಲೇಬೇಕು: ಆ ಹೊತ್ತಿನಲ್ಲಿ ತಪ್ಪಿದ ಪಾಠದ ಹೋಂವರ್ಕನ್ನು ಮಗು ಆಮೇಲೆ ಮಾಡಬೇಕಾ? ಹೌದು ಅಂದರೆ ಜಾಣತನಕ್ಕೆ ಸಿಕ್ಕ ಬಹುಮಾನ ಎರಡು ಪಟ್ಟು ಕೆಲಸ. ಆ ಶಾಲೆ ಈ ವಿಷಯವನ್ನು ಸರಿಯಾಗಿ ಯೋಚಿಸಿಲ್ಲ.

ಗಿಫ್ಟೆಡ್ ಮಕ್ಕಳದ್ದೇ ತರಗತಿ

ಹೊಸ ಊರಿನಲ್ಲಿ ಇಂಥದ್ದು ಇದೆ ಅಂತ ಗೊತ್ತಾದರೆ ಮನಸ್ಸು ಅಲ್ಲಿಗೇ ಓಡುತ್ತದೆ. ಇದರ ಪರವಾಗಿ ಹೇಳಲು ಬಹಳ ಇದೆ. ನನಗೆ ಗೊತ್ತಿರುವ ಹುಡುಗಿಯೊಬ್ಬಳು ಹಳೆಯ ಶಾಲೆಯಲ್ಲಿ ಉತ್ತರ ಗೊತ್ತಿದ್ದರೂ ಕೈ ಎತ್ತುವುದನ್ನೇ ಬಿಟ್ಟಿದ್ದಳು. ಡೆಸ್ಕಿನ ಕೆಳಗೆ ತೊಡೆಯ ಮೇಲೆ ಪುಸ್ತಕ ಇಟ್ಟು ಓದುವುದು, ಟೀಚರ್ ಹತ್ತಿರ ಬಂದರೆ ಸ್ಕರ್ಟಿನ ನೆರಿಗೆ ಅದರ ಮೇಲೆ ಎಳೆದುಕೊಳ್ಳುವುದು, ಅಷ್ಟರಲ್ಲೇ ದಿನ ಕಳೆಯುತ್ತಿತ್ತು. ಇಂಥ ತರಗತಿಗೆ ಸೇರಿದ ಕೆಲವೇ ದಿನಕ್ಕೆ ಪಕ್ಕದವಳ ಜೊತೆ ಕಪ್ಪುರಂಧ್ರದ ಬಗ್ಗೆ ಜೋರಾಗಿ ಜಗಳವಾಡಿ ಮನೆಗೆ ಬಂದಳು. ಅವಳ ಅಮ್ಮನಿಗೆ ಆ ಜಗಳ ಕೇಳಿ ಕಣ್ಣಲ್ಲಿ ನೀರು ಬಂದಿತ್ತು. ತನ್ನ ಮಾತು ಅರ್ಥವಾಗುವ ಇನ್ನೊಂದು ಮಗು ಸಿಗುವುದಕ್ಕೆ ಅಷ್ಟು ಬೆಲೆ ಇದೆ.

ಇನ್ನೊಂದು ಮಗ್ಗುಲನ್ನೂ ನೋಡಬೇಕು. 1980ರ ದಶಕದಲ್ಲಿ ಹರ್ಬರ್ಟ್ ಮಾರ್ಷ್ ಎಂಬ ಸಂಶೋಧಕರು ಒಂದು ವಿಷಯ ಗಮನಕ್ಕೆ ತಂದರು. ಒಂದೇ ಮಟ್ಟದ ಬುದ್ಧಿಯಿರುವ ಇಬ್ಬರು ಮಕ್ಕಳಲ್ಲಿ, ಎಲ್ಲರೂ ಜಾಣರಿರುವ ಶಾಲೆಗೆ ಹೋದವರಿಗೆ ತಮ್ಮ ಓದಿನ ಬಗ್ಗೆ ನಂಬಿಕೆ ಸ್ವಲ್ಪ ಕಡಿಮೆಯೇ ಇರುತ್ತದೆ. ಆಮೇಲೆ ಹಲವು ದೇಶಗಳ ಅಧ್ಯಯನಗಳಲ್ಲೂ ಇದೇ ಕಂಡಿತು. ಯಾವಾಗಲೂ ಫಸ್ಟ್ ಬರುತ್ತಿದ್ದ ಮಗು ಇಲ್ಲಿ ಹದಿನೈದನೆಯದಾಗುತ್ತದೆ. ಕೆಲವು ಮಕ್ಕಳಿಗೆ ಇದು ಬಿಡುಗಡೆ. ಕೆಲವರು ಕುಸಿಯುತ್ತಾರೆ. ಅದೇ ಹೊತ್ತಿಗೆ ಊರು, ಗೆಳೆಯರು, ಆಟದ ಜಾಗ ಎಲ್ಲವೂ ಕೈಬಿಟ್ಟಿದ್ದರೆ ಕುಸಿತ ಇನ್ನೂ ಜೋರು. ಹಾಗಾಗಿ ಸೋತರೆ ತಡೆದುಕೊಳ್ಳುವ ಅಭ್ಯಾಸ ಮಗುವಿಗೆ ಇದೆಯಾ ಅಂತ ನೋಡಿಕೊಳ್ಳಿ. ಆಟದಲ್ಲಿ ಸೋತಾಗ ಅದು ಹೇಗೆ ನಡೆದುಕೊಳ್ಳುತ್ತದೆ ಅನ್ನುವುದರಲ್ಲೇ ಉತ್ತರ ಇರುತ್ತದೆ.

ಸಾಮಾನ್ಯ ತರಗತಿ ಮತ್ತು ಗಿಫ್ಟೆಡ್ ಮಕ್ಕಳದ್ದೇ ತರಗತಿ, ಇವೆರಡರ ನಡುವೆ ಇನ್ನೊಂದು ಏರ್ಪಾಡಿದೆ. ಒಂದೇ ತರಗತಿಯ ಎಲ್ಲ ವಿಭಾಗಗಳಲ್ಲಿರುವ ನಾಲ್ಕೈದು ಚುರುಕು ಮಕ್ಕಳನ್ನು ಚದುರಿಸದೆ ಒಂದೇ ವಿಭಾಗಕ್ಕೆ ಹಾಕಿ, ಅದಕ್ಕೆ ತರಬೇತಿ ಇರುವ ಟೀಚರ್ ಕೊಡುವುದು. ಮಗುವಿಗೆ ಜೊತೆಯೂ ಸಿಗುತ್ತದೆ, ಎಲ್ಲ ಥರದ ಮಕ್ಕಳ ನಡುವೆಯೂ ಇರುತ್ತದೆ. ಬ್ರೋಷರ್‌ನಲ್ಲಿ ಇದನ್ನು ಬರೆದಿರುವುದು ಕಡಿಮೆ, ನೀವೇ ಕೇಳಬೇಕು. ಪ್ರೈಮರಿ ವಯಸ್ಸಿನ ಬಹುಪಾಲು ಮಕ್ಕಳಿಗೆ ಬೇರೆಲ್ಲಕ್ಕಿಂತ ಇದೇ ಹೊಂದುತ್ತದೆ ಅಂತ ನನಗನಿಸುತ್ತದೆ.

ಎಂಟ್ರೆನ್ಸ್ ಬರೆಸಿ ಸೇರಿಸಿಕೊಳ್ಳುವ ಹೆಸರುವಾಸಿ ಶಾಲೆ

ಇದನ್ನು ಗಿಫ್ಟೆಡ್ ಶಾಲೆ ಅಂತ ತಪ್ಪು ತಿಳಿಯುವವರು ಬಹಳ. ಎಂಟ್ರೆನ್ಸ್ ಕಷ್ಟ ಅಂದ ಮಾತ್ರಕ್ಕೆ ಒಳಗಿನ ಪಾಠ ಆಳವಾಗಿರುತ್ತದೆ ಅಂತ ಏನಿಲ್ಲ. ಅದೇ ಪಾಠ, ಅದರ ಮೂರು ಪಟ್ಟು ಹೋಂವರ್ಕ್, ವಾರಕ್ಕೊಂದು ಟೆಸ್ಟ್ ಇರಬಹುದು. ಬೇಗ ಮುಗಿಸುವ ಮಗುವಿಗೆ ಅದರಂಥದ್ದೇ ಇನ್ನಷ್ಟು ಕೊಡುವುದು ಶಿಕ್ಷೆಯೇ. ರಿಸಲ್ಟ್ ಬೋರ್ಡ್ ನೋಡುವ ಬದಲು, ಮಕ್ಕಳು ಬರೆದ ಒಂದು ನೋಟ್‌ಬುಕ್ ತೋರಿಸಿ ಅಂತ ಕೇಳಿ. ಎಲ್ಲರ ಪುಸ್ತಕದಲ್ಲೂ ಅಕ್ಷರ ಅಕ್ಷರ ಒಂದೇ ಉತ್ತರ ಇದ್ದರೆ, ಡಿಕ್ಟೇಟ್ ಮಾಡಿ ಬರೆಸುವ ಶಾಲೆ ಅಂತ ಗೊತ್ತಾಗುತ್ತದೆ.

ಹೈಸ್ಕೂಲ್ ವಯಸ್ಸಿಗೆ ಬಂದ, ಒಂದೇ ವಿಷಯದ ಹುಚ್ಚು ಹಿಡಿದ ಮಕ್ಕಳ ಮಾತು ಬೇರೆ. ನ್ಯೂಯಾರ್ಕಿನಲ್ಲಿ 1938ರಲ್ಲಿ ಶುರುವಾದ ಬ್ರಾಂಕ್ಸ್ ಸೈನ್ಸ್ ಎಂಬ ಹೈಸ್ಕೂಲ್, ಗಣಿತಜ್ಞ ಕೊಲ್ಮೊಗೊರೊವ್ ಮುಂದೆ ನಿಂತು ಮಾಸ್ಕೋದಲ್ಲಿ 1963ರಲ್ಲಿ ತೆರೆದ ಗಣಿತ-ವಿಜ್ಞಾನದ ವಸತಿ ಶಾಲೆ, ಇಂಥ ಕಡೆ ಅದೇ ಹುಚ್ಚಿನ ಗೆಳೆಯರೂ ಅದನ್ನು ಬಲ್ಲ ಮೇಷ್ಟ್ರುಗಳೂ ಒಟ್ಟಿಗೆ ಸಿಗುತ್ತಾರೆ. ಎಂಟು ವರ್ಷದ ಮಗುವಿಗೆ ಈ ಮಾದರಿ ಬೇಡ. ಇವತ್ತು ನಕ್ಷತ್ರ, ನಾಳೆ ಇರುವೆ, ನಾಡಿದ್ದು ನಾಟಕ ಅನ್ನುವ ವಯಸ್ಸು ಅದು.

ಮಾಂಟೆಸರಿ, ಐಬಿ

ಮಾಂಟೆಸರಿ ಪದ್ಧತಿ 1907ರಲ್ಲಿ ರೋಮ್‌ನಲ್ಲಿ ಶುರುವಾಗಿದ್ದು. ಮೂರು ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ತರಗತಿಯಲ್ಲಿರುತ್ತಾರೆ. ಯಾವ ಕೆಲಸ, ಎಷ್ಟು ಹೊತ್ತು ಅನ್ನುವುದನ್ನು ಮಗು ತಾನೇ ಬಹುಮಟ್ಟಿಗೆ ಆರಿಸುತ್ತದೆ. ಚಿಕ್ಕ ವಯಸ್ಸಿನ ಚುರುಕು ಮಕ್ಕಳಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಮುಂದೆ ಹೋಗಲು ಯಾರ ಪರ್ಮಿಷನ್ನೂ ಬೇಡ, ಪಕ್ಕದ ದೊಡ್ಡ ಮಗು ಮಾಡುತ್ತಿರುವುದನ್ನೇ ಮಾಡಬಹುದು. ಆದರೆ ಬಾಗಿಲ ಮೇಲೆ ಮಾಂಟೆಸರಿ ಅಂತ ಬೋರ್ಡ್ ಹಾಕಲು ಯಾರ ತಡೆಯೂ ಇಲ್ಲ. ವಯಸ್ಸಿನ ಪ್ರಕಾರ ತರಗತಿ ಬೇರೆ ಮಾಡಿ, ಬೆಲ್ ಹೊಡೆದ ಕೂಡಲೇ ಕೆಲಸ ನಿಲ್ಲಿಸುತ್ತಿದ್ದರೆ ಅಲ್ಲಿ ಮಾಂಟೆಸರಿ ಬೋರ್ಡಿನಲ್ಲಿ ಮಾತ್ರ ಇದೆ.

ಐಬಿ ಅಂದರೆ ಇಂಟರ್‌ನ್ಯಾಷನಲ್ ಬ್ಯಾಕಲಾರಿಯೇಟ್. 1968ರಲ್ಲಿ ಜಿನೀವಾದಲ್ಲಿ ಹುಟ್ಟಿದ್ದೇ ದೇಶ ದೇಶ ಸುತ್ತುವ ಕುಟುಂಬಗಳ ಮಕ್ಕಳಿಗಾಗಿ. ಪದೇಪದೇ ವರ್ಗವಾಗುವವರಿಗೆ ಇದರ ದೊಡ್ಡ ಅನುಕೂಲ ಅದೇ, ಮುಂದಿನ ದೇಶದಲ್ಲೂ ಅದೇ ಪಠ್ಯಕ್ರಮ ಸಿಗಬಹುದು. ಕೊನೆಯ ಎರಡು ವರ್ಷದ ಡಿಪ್ಲೊಮಾದಲ್ಲಿ ಆರು ವಿಷಯಗಳ ಜೊತೆಗೆ, ಮಗು ತಾನೇ ಆರಿಸಿದ ವಿಷಯದ ಮೇಲೆ 4,000 ಪದಗಳ ಒಳಗೆ ಪ್ರಬಂಧ ಬರೆಯಬೇಕು. ಆಳಕ್ಕೆ ಇಳಿಯುವ ಮಕ್ಕಳಿಗೆ ಅದು ಹಬ್ಬ. ಆದರೆ ಕೆಳಗಿನ ತರಗತಿಗಳ ಐಬಿ, ಪ್ರಶ್ನೆ ಕೇಳಿ ಕಲಿಯುವುದಕ್ಕೆ ಒತ್ತು ಕೊಡುತ್ತದೆಯೇ ಹೊರತು ವೇಗಕ್ಕಲ್ಲ. ಗಣಿತದಲ್ಲಿ ಮೂರು ವರ್ಷ ಮುಂದಿರುವ ಮಗುವಿಗೆ ಅಲ್ಲೂ ಬೇರೆ ಏರ್ಪಾಡು ಮಾಡಲೇಬೇಕು.

ಮನೆಯಲ್ಲೇ, ಆನ್‌ಲೈನ್‌ನಲ್ಲೇ

ವರ್ಷದ ನಡುವೆ ಊರು ಬಿಡುವವರಿಗೆ ಇದು ಒಳ್ಳೆಯ ಸೇತುವೆ. ಅವಸರದಲ್ಲಿ ಯಾವುದೋ ಶಾಲೆಗೆ ಸೇರಿಸುವ ಬದಲು ಆ ವರ್ಷ ಮುಗಿಯುವ ತನಕ ಮನೆಯಲ್ಲಿ ಕಲಿಸಿ, ಅಷ್ಟರೊಳಗೆ ಊರಿನ ಶಾಲೆಗಳನ್ನು ಸಾವಕಾಶವಾಗಿ ನೋಡಬಹುದು. ಕಾನೂನು ಎಲ್ಲ ಕಡೆ ಒಂದೇ ಇಲ್ಲ. ಮನೆಶಿಕ್ಷಣಕ್ಕೆ ಜರ್ಮನಿಯಲ್ಲಿ ಸಾಮಾನ್ಯವಾಗಿ ಅವಕಾಶವೇ ಇಲ್ಲ, ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಇದೆ. ಹೋಗುವ ಜಾಗದ ನಿಯಮ ಮೊದಲು ತಿಳಿದುಕೊಳ್ಳಿ. ಹೊಸ ಊರಿನಲ್ಲಿ ಮನೆಯಲ್ಲೇ ಉಳಿದ ಮಗುವಿಗೆ ಗೆಳೆಯರು ತಾನಾಗಿ ಸಿಗುವುದಿಲ್ಲ ಅನ್ನುವುದೂ ನೆನಪಿರಲಿ. ಆಟವೋ, ಸಂಗೀತವೋ, ಚೆಸ್ ಕ್ಲಬ್ಬೋ, ವಾರಕ್ಕೆ ಎರಡು ಮೂರು ದಿನ ಹೊರಗೆ ಹೋಗುವ ಏರ್ಪಾಡು ಬೇಕೇ ಬೇಕು.

ಊರು ಬದಲಾದಾಗ ಮಾತ್ರ ಬರುವ ತೊಡಕುಗಳು

ಹಳೆಯ ಊರಿನಲ್ಲಿ ಸಿಕ್ಕ ‘ಗಿಫ್ಟೆಡ್’ ಹಣೆಪಟ್ಟಿ ಹೊಸ ಊರಿನಲ್ಲಿ ನಡೆಯುತ್ತದೆ ಅಂತ ನಂಬಬೇಡಿ. ಕೆಲವು ಕಡೆ ಅಂಕ ನೋಡುತ್ತಾರೆ, ಕೆಲವು ಕಡೆ ಟೀಚರ್ ಶಿಫಾರಸು, ಕೆಲವು ಕಡೆ ತಮ್ಮದೇ ಪರೀಕ್ಷೆ, ಅದೂ ವರ್ಷಕ್ಕೊಮ್ಮೆ ಮಾತ್ರ. ನೀವು ಹೋಗುವಷ್ಟರಲ್ಲಿ ಅದು ಮುಗಿದಿರಬಹುದು. ಇದಕ್ಕೆ ಒಂದು ಜಾಣ ದಾರಿ ಅಮೆರಿಕದಲ್ಲಿ ಸೈನಿಕರ ಮಕ್ಕಳಿಗಾಗಿ ರಾಜ್ಯಗಳು ಮಾಡಿಕೊಂಡ ಒಪ್ಪಂದದಲ್ಲಿದೆ. ಹಳೆಯ ಶಾಲೆಯಲ್ಲಿ ಗಿಫ್ಟೆಡ್ ತರಗತಿಯಲ್ಲಿದ್ದ ಮಗುವನ್ನು, ಅಂಥ ತರಗತಿ ಇದ್ದರೆ ಹೊಸ ಶಾಲೆ ಮೊದಲು ಅದಕ್ಕೇ ಸೇರಿಸಿಕೊಳ್ಳಬೇಕು, ಆಮೇಲೆ ಬೇಕಿದ್ದರೆ ತಾನೇ ಪರೀಕ್ಷಿಸಿ ನೋಡಬಹುದು. ಇದು ನಿಮಗೆ ಅನ್ವಯಿಸದಿದ್ದರೂ ಅದೇ ಧಾಟಿಯಲ್ಲಿ ಕೇಳಬಹುದು: ‘ತಾತ್ಕಾಲಿಕವಾಗಿ ಸೇರಿಸಿಕೊಳ್ಳಿ, ಎರಡು ತಿಂಗಳು ನೋಡಿ, ಸರಿಹೋಗದಿದ್ದರೆ ಬದಲಾಯಿಸೋಣ.’ ಖಡಾಖಂಡಿತವಾಗಿ ಆಗಲ್ಲ ಅನ್ನುವ ಪ್ರಿನ್ಸಿಪಾಲರೂ ಇದಕ್ಕೆ ಸ್ವಲ್ಪ ಮೆತ್ತಗಾಗುತ್ತಾರೆ.

ಟಿ.ಸಿ., ಮಾರ್ಕ್ಸ್ ಕಾರ್ಡ್ ಜೊತೆಗೆ ಇನ್ನೆರಡು ಕಾಗದ ತನ್ನಿ. ಒಂದು, ಮಗು ಯಾವ ಪುಸ್ತಕದ ಎಷ್ಟನೇ ಅಧ್ಯಾಯದವರೆಗೆ ಕಲಿತಿದೆ ಅಂತ ಹಳೆಯ ಟೀಚರ್ ಕೈಯಲ್ಲಿ ಬರೆಸಿದ್ದು. ಇನ್ನೊಂದು, ಮಗುವಿನದೇ ಕೆಲಸ: ಒಂದು ಕಥೆ, ಒಂದು ಲೆಕ್ಕ, ಯಾವುದಾದರೂ ಪ್ರಾಜೆಕ್ಟು. ಅಪ್ಪ ಅಮ್ಮ ‘ನಮ್ಮ ಮಗು ತುಂಬಾ ಜಾಣ’ ಅಂದರೆ ಶಾಲೆಯವರು ದಿನಾ ಕೇಳುವ ಮಾತೇ ಅದು. ಆರು ವರ್ಷದ ಮಗು ಬರೆದ ನಾಲ್ಕು ಪುಟದ ಕಥೆಯನ್ನು ಕೈಗೆ ಕೊಟ್ಟರೆ ಅವರೇ ಕುರ್ಚಿ ಎಳೆದುಕೊಂಡು ಓದುತ್ತಾರೆ.

ಭಾಷೆ ಬದಲಾದರೆ ಇನ್ನೂ ಹುಷಾರಾಗಿರಬೇಕು. ಹೊಸ ಭಾಷೆಯಲ್ಲಿ ಆಟವಾಡುವಷ್ಟು, ಹರಟುವಷ್ಟು ಮಾತು ಒಂದೆರಡು ವರ್ಷದಲ್ಲಿ ಬಂದುಬಿಡುತ್ತದೆ. ಪಾಠದ ಭಾಷೆಯಲ್ಲಿ ಓರಗೆಯವರ ಸಮಕ್ಕೆ ಬರಲು ಐದರಿಂದ ಏಳು ವರ್ಷ ಹಿಡಿಯಬಹುದು ಅಂತ ಕೆನಡಾದ ಜಿಮ್ ಕಮಿನ್ಸ್ ಅವರ ಸಂಶೋಧನೆ ಹೇಳುತ್ತದೆ. ಅಲ್ಲಿಯವರೆಗೆ ಮಾತಿನ ಮಲ್ಲ ಮಗುವೂ ಮೂಕನ ಹಾಗೆ ಕಾಣಬಹುದು, ಕೆಳಗಿನ ತರಗತಿಗೆ ಹಾಕುತ್ತೇವೆ ಅನ್ನುವವರೂ ಇದ್ದಾರೆ. ಅದಕ್ಕೆ ಒಪ್ಪಬೇಡಿ. ರೇವನ್ಸ್ ಮ್ಯಾಟ್ರಿಸಸ್‌ನಂಥ, ಮಾತಿಲ್ಲದೆ ಬರೀ ಆಕಾರಗಳನ್ನು ಹೊಂದಿಸುವ ಪರೀಕ್ಷೆಗಳು 1938ರಿಂದಲೂ ಇವೆ, ಅದನ್ನು ಮಾಡಿಸಿ ಅಂತ ಕೇಳಿ. ಗಣಿತದಲ್ಲಿ ಮಗುವನ್ನು ಅದರ ಮಟ್ಟಕ್ಕೇ ಕೂರಿಸಲು ಹೇಳಿ. ಭಾಷೆ ಬರದ ತಿಂಗಳುಗಳಲ್ಲಿ ‘ನಾನು ದಡ್ಡ ಅಲ್ಲ’ ಅಂತ ಮಗುವಿಗೇ ನೆನಪಾಗುವ ಒಂದು ಪೀರಿಯಡ್ ದಿನಕ್ಕೆ ಬೇಕು.

ಶಾಲೆಗೆ ಹೋದಾಗ

ಆಫೀಸಿನಲ್ಲಿ ಕೂತು ಮಾತಾಡಿ ಬಂದರೆ ಏನೂ ತಿಳಿಯುವುದಿಲ್ಲ. ನಡೆಯುತ್ತಿರುವ ಒಂದು ತರಗತಿಯಲ್ಲಿ, ಸಾಧ್ಯವಾದರೆ ಗಣಿತದ ಪೀರಿಯಡ್‌ನಲ್ಲಿ, ಹಿಂದೆ ಕೂರಲು ಅನುಮತಿ ಕೇಳಿ. ಟೀಚರ್‌ನ ನೋಡಬೇಡಿ, ಮೊದಲು ಮುಗಿಸಿದ ಮಗುವನ್ನು ನೋಡಿ. ಅದಕ್ಕೆ ಮುಂದೆ ಏನಾಗುತ್ತದೆ? ಕೈಕಟ್ಟಿ ಕೂತ್ಕೋ ಅನ್ನುತ್ತಾರಾ, ಅಂಥದ್ದೇ ಇನ್ನಷ್ಟು ಲೆಕ್ಕ ಕೊಡುತ್ತಾರಾ, ಪಕ್ಕದವರಿಗೆ ಹೇಳಿಕೊಡು ಅಂತ ದಿನಾ ಅದನ್ನೇ ಸಹಾಯಕ ಟೀಚರ್ ಮಾಡುತ್ತಾರಾ?

ನಾನು ನೋಡಿದ ಒಂದು ಸಾಧಾರಣ ಶಾಲೆಯಲ್ಲಿ ಟೀಚರ್ ಬೋರ್ಡಿನ ಮೇಲೆ ಭಿನ್ನರಾಶಿಯ ಲೆಕ್ಕಗಳನ್ನು ಬರೆದು, ಕೊನೆಯ ಐದಕ್ಕೆ ಬಣ್ಣದ ಚಾಕ್‌ಪೀಸಿನಲ್ಲಿ ಗೆರೆ ಎಳೆದರು. ‘ಇವು ಕಷ್ಟದವು. ಬೇಕಿದ್ದವರು ಇದನ್ನೇ ಮೊದಲು ಮಾಡಿ. ಐದರಲ್ಲಿ ನಾಲ್ಕು ಸರಿ ಬಂದರೆ ಉಳಿದದ್ದು ಮಾಡೋದು ಬೇಡ.’ ಕಿಟಕಿ ಪಕ್ಕದ ಹುಡುಗನೊಬ್ಬ ಬೇಗನೆ ಮುಗಿಸಿ ತಂದ. ಒಂದು ತಪ್ಪಿತ್ತು. ಟೀಚರ್ ಬಾಯಿ ಬಿಡದೆ ಆ ಸಾಲಿನ ಕೆಳಗೆ ಬೆರಳಿಟ್ಟರು. ಅವನು ನೋಡಿದ, ‘ಓ’ ಅಂದ, ತಿದ್ದಿದ. ಮೇಜಿನ ಮೇಲಿನ ಡಬ್ಬದಿಂದ ಒಂದು ಒಗಟಿನ ಚೀಟಿ ಎತ್ತಿಕೊಂಡು ಹೋಗಿ ಕೂತ. ಅದಕ್ಕೆ ಹೆಚ್ಚಿನ ದುಡ್ಡೂ ಬೇಕಿರಲಿಲ್ಲ, ಬೇರೆ ಕೋಣೆಯೂ ಬೇಕಿರಲಿಲ್ಲ. ಇಂಥ ಒಬ್ಬ ಟೀಚರ್ ಇರುವ ಶಾಲೆಯನ್ನು ದೊಡ್ಡ ಹೆಸರಿನ ಶಾಲೆಗಿಂತ ಮೇಲೆ ಇಡುತ್ತೇನೆ.

ಈ ರೀತಿ ಗೊತ್ತಿರುವುದನ್ನು ಬಿಟ್ಟು ಮುಂದೆ ಕಳಿಸಲು ಹಿಂಜರಿಯುವ ಶಾಲೆಗಳಿಗೆ ಹೇಳಲು ಒಂದು ಅಂಶ ಇಲ್ಲಿದೆ. 1990ರ ದಶಕದ ಶುರುವಿನಲ್ಲಿ ಸ್ಯಾಲಿ ರೀಸ್ ಮತ್ತು ಜೊತೆಗಾರರು ಮಾಡಿದ ಅಧ್ಯಯನದಲ್ಲಿ, ಚುರುಕು ಮಕ್ಕಳಿಗೆ ಆ ವರ್ಷದ ಪಾಠದಲ್ಲಿ ಶೇಕಡ 40ರಿಂದ 50ರಷ್ಟನ್ನು ಟೀಚರ್‌ಗಳು ಕೈಬಿಟ್ಟರೂ ಆ ಮಕ್ಕಳ ಅಂಕ ಇಳಿಯಲಿಲ್ಲ.

ಮಾತಿನಲ್ಲಿ ಕೇಳಿಬರುವ ಕೆಲವು ಉತ್ತರಗಳಿಗೆ ಕಿವಿ ಚುರುಕಾಗಿರಲಿ. ‘ನಮ್ಮಲ್ಲಿ ಎಲ್ಲರೂ ಗಿಫ್ಟೆಡ್ಡೇ’ ಅಂದರೆ ಅದರ ಬಗ್ಗೆ ಯೋಚಿಸಿಲ್ಲ ಅಂತ ಅರ್ಥ. ‘ಮೂರನೇ ಕ್ಲಾಸಿನ ಹೊತ್ತಿಗೆ ಎಲ್ಲರೂ ಸಮ ಆಗುತ್ತಾರೆ’ ಅಂದರೆ, ಸಮ ಆಗುವುದು ಹೇಗೆ ಅಂತ ಕೇಳಿ ನೋಡಿ. ‘ಹೋದ ವರ್ಷ ಒಬ್ಬಳಿದ್ದಳು, ಅವಳಿಗೆ ನಾವು ಹೀಗೆ ಮಾಡಿದೆವು, ಮೊದಲು ಸರಿಹೋಗಲಿಲ್ಲ, ಆಮೇಲೆ ಹೀಗೆ ಬದಲಾಯಿಸಿದೆವು’ ಅಂದರೆ ಆ ಶಾಲೆಯ ಫಾರಂ ಅವತ್ತೇ ತನ್ನಿ.

ಎರಡರಲ್ಲಿ ಒಂದು ಆರಿಸುವಾಗ

ಕೊನೆಗೆ ಎರಡು ಶಾಲೆ ಉಳಿದರೆ ಮಗುವನ್ನು ಎರಡಕ್ಕೂ ಕರೆದುಕೊಂಡು ಹೋಗಿ, ಬರೀ ಕಟ್ಟಡ ತೋರಿಸದೆ ಸಾಧ್ಯವಾದರೆ ಅರ್ಧ ದಿನ ಕೂರಿಸಿ. ಸಂಜೆ ‘ಇಷ್ಟ ಆಯ್ತಾ’ ಅಂತ ಕೇಳಿದರೆ ‘ಹ್ಞೂಂ’ ಅಷ್ಟೇ ಸಿಗುತ್ತದೆ. ‘ಯಾರ ಜೊತೆ ಮಾತಾಡಿದೆ? ನಿನಗೆ ಗೊತ್ತಿಲ್ಲದ್ದು ಏನಾದರೂ ಬಂತಾ?’ ಅಂತ ಕೇಳಿ.

ಹತ್ತು ವರ್ಷದ ಒಳಗಿನ ಮಗುವಾದರೆ ನಾನು ಬಗ್ಗುವ ಶಾಲೆಯನ್ನೇ ಆರಿಸುತ್ತೇನೆ, ಅದು ಮನೆಗೂ ಹತ್ತಿರವಿದ್ದರೆ ಇನ್ನೂ ಒಳ್ಳೆಯದು. ಬಸ್ಸಿನಲ್ಲಿ ದಿನಕ್ಕೆ ಎರಡು ಗಂಟೆ ಕಳೆದುಹೋದರೆ, ಆ ಮಗು ತಾನಾಗಿ ಓದುವ, ಏನೋ ಬಿಚ್ಚಿ ಜೋಡಿಸುವ ಹೊತ್ತೇ ಹೋಗುತ್ತದೆ. ಹದಿಮೂರು ದಾಟಿದ್ದರೆ ತನ್ನಂಥ ಗೆಳೆಯರು, ವಿಷಯ ಬಲ್ಲ ಮೇಷ್ಟ್ರು ಇರುವ ಕಡೆಗೆ ನನ್ನ ಒಲವು, ದೂರವಾದರೂ ಸರಿ. ಒಂದೆರಡು ವರ್ಷದಲ್ಲಿ ಮತ್ತೆ ವರ್ಗ ಇದೆ ಅಂದರೆ, ಅಲ್ಲಿ ಮಾತ್ರ ಸಿಗುವ ವಿಶೇಷ ಪದ್ಧತಿಗಿಂತ ಎಲ್ಲ ಕಡೆ ಸಿಗುವ ಪಠ್ಯಕ್ರಮವೇ ವಾಸಿ. ಬಾಡಿಗೆ ಮನೆಗೆ ಅಡ್ವಾನ್ಸ್ ಕೊಡುವ ಮೊದಲು ಶಾಲೆ ಗೊತ್ತು ಮಾಡಿಕೊಳ್ಳಿ. ವಾಸದ ವಿಳಾಸ ನೋಡಿ ಸೀಟು ಕೊಡುವ ಕಡೆಗಳಲ್ಲಿ ಒಂದು ರಸ್ತೆ ಆಚೆ ಮನೆ ಮಾಡಿದರೂ ಕೈತಪ್ಪಬಹುದು.

ಸೇರಿಸಿದ ಮೇಲೆ ಮೊದಲ ಕೆಲವು ವಾರ ತೀರ್ಪು ಬೇಡ. ಅಳು, ಹೊಟ್ಟೆನೋವು, ಹಳೆಯ ಗೆಳೆಯರ ಜಪ ಎಲ್ಲವೂ ಊರು ಬಿಟ್ಟ ದುಃಖವೇ ಇರಬಹುದು. ಎರಡು ತಿಂಗಳಾದ ಮೇಲೆ ಕ್ಲಾಸ್ ಟೀಚರ್ ಜೊತೆ ಕೂತು, ಮುಂದೆ ಯಾವ ವಿಷಯದಲ್ಲಿ ಏನು ಬದಲಾಯಿಸಬೇಕು ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ, ಇಬ್ಬರ ಹತ್ತಿರವೂ ಪ್ರತಿ ಇರಲಿ. ಮನೆಗೆ ಬಂದ ಮಗು ಶಾಲೆಯ ವಿಷಯ ತಾನಾಗಿ ಎತ್ತದಿದ್ದರೆ, ಹೊಸ ಪ್ರಶ್ನೆಗಳನ್ನು ಕೇಳುವುದು ಕಡಿಮೆಯಾದರೆ, ಮಾರ್ಕ್ಸ್ ಚೆನ್ನಾಗಿದ್ದರೂ ಮತ್ತೆ ಹೋಗಿ ಮಾತಾಡಿ. ಎರಡನೇ ಶಾಲೆಯ ವೇಯ್ಟಿಂಗ್ ಲಿಸ್ಟಿನಲ್ಲಿ ಹೆಸರಿದ್ದರೆ ಮೊದಲ ಟರ್ಮ್ ಮುಗಿಯುವ ತನಕ ಅದನ್ನು ತೆಗೆಸಬೇಡಿ.